‘ಗಟ್ಟಿ ಆಯಿಲ್’, ‘ರೇಸ್ ಆಯಿಲ್’: ಗ್ಯಾರೇಜ್ ಹಾಳೆಗೆ ಯಾವ ಪದ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಬಳ್ಳಾರಿಯಲ್ಲಿ ಪರಿಚಯದವರ ಗ್ಯಾರೇಜ್ ಒಂದಕ್ಕೆ ಗೋಡೆಗೆ ಅಂಟಿಸುವ ಹಾಳೆ ಬರೆದುಕೊಡುತ್ತಿದ್ದೇನೆ. ವಿಷಯ ಇಷ್ಟೇ: ರೇಸಿಂಗ್ ಆಯಿಲನ್ನು ದಿನಾ ಓಡಿಸುವ ಕಾರಿಗೆ ಹಾಕಬಹುದಾ? ಬೇಡ ಅನ್ನುವುದು ಉತ್ತರ, ಅದರಲ್ಲಿ ಗೊಂದಲವಿಲ್ಲ. ಆದರೆ ಬರೆಯಲು ಕೂತರೆ ಒಂದೊಂದು ಪದವೂ ಓದುಗನನ್ನು ಬೇರೆ ಕಡೆ ಎಳೆದುಕೊಂಡು ಹೋಗುತ್ತಿದೆ. ನಿಮ್ಮ ಅಭಿಪ್ರಾಯ ಬೇಕು.

ಮೊದಲ ತಕರಾರು ‘ಗಟ್ಟಿ’ಯದು. ಇಲ್ಲಿ ಮೆಕ್ಯಾನಿಕ್‌ಗಳ ಬಾಯಲ್ಲೂ ಗಿರಾಕಿಗಳ ಬಾಯಲ್ಲೂ ಇರುವುದು ‘ಗಟ್ಟಿ ಆಯಿಲ್’, ‘ತೆಳು ಆಯಿಲ್’. ಡಬ್ಬಿಯ ಮೇಲೆ 20ಡಬ್ಲ್ಯು-50 ಅಂತಿದ್ದರೆ ಗಟ್ಟಿ, 5ಡಬ್ಲ್ಯು-30 ಅಂತಿದ್ದರೆ ತೆಳು. ಮಾತಿಗೆ ಇಷ್ಟು ಸಾಕು. ಆದರೆ ಗಟ್ಟಿ ಆಳು, ಗಟ್ಟಿ ಬಟ್ಟೆ, ಗಟ್ಟಿ ಕಟ್ಟಡ ಅಂತಲೂ ಅನ್ನುತ್ತೇವೆ, ಅಲ್ವಾ? ಅಲ್ಲಿ ಗಟ್ಟಿ ಅಂದರೆ ಬಾಳಿಕೆ ಬರುವುದು. ಹಾಗಾಗಿ ‘ರೇಸಿಂಗ್ ಆಯಿಲ್ ಗಟ್ಟಿ’ ಅಂದ ಕೂಡಲೇ ಗಿರಾಕಿಗೆ ‘ಜಾಸ್ತಿ ದಿನ ಬರುತ್ತೆ’ ಅಂತ ಕೇಳಿಸುತ್ತದೆ.

ನಿಜ ಇದಕ್ಕೆ ಉಲ್ಟಾ. ರೇಸಿನ ಆಯಿಲ್ ತಯಾರಾಗುವುದೇ ಸ್ವಲ್ಪ ಹೊತ್ತಿನ ವಿಪರೀತ ಬಿಸಿ ಮತ್ತು ಒತ್ತಡ ತಡೆಯಲಿಕ್ಕೆ. ಒಂದೋ ಎರಡೋ ರೇಸ್ ಮುಗಿದ ಮೇಲೆ ಅದನ್ನು ಬಸಿದು ಹೊಸದು ಹಾಕುತ್ತಾರೆ. ದಿನದ ಕಾರಿನಲ್ಲಿ ಹಾಗಲ್ಲ. ಆಯಿಲ್ ತಿಂಗಳುಗಟ್ಟಲೆ, ಸಾವಿರಾರು ಕಿಲೋಮೀಟರ್ ಒಳಗೇ ಇರಬೇಕು. ಮಸಿ ತೊಳೆಯಬೇಕು, ತೊಳೆದ ಮಸಿ ಕೆಳಗೆ ಕೂರದ ಹಾಗೆ ತೇಲಿಸಿ ಇಟ್ಟುಕೊಳ್ಳಬೇಕು, ಇಂಜಿನ್ನಿನಲ್ಲಿ ಹುಟ್ಟುವ ಆಮ್ಲವನ್ನು ಮುರಿಯಬೇಕು, ಗಾಡಿ ನಿಂತಿರುವಾಗ ತುಕ್ಕು ತಡೆಯಬೇಕು. ಈ ಕೆಲಸಗಳಿಗೆ ಸೇರಿಸುವ ರಾಸಾಯನಿಕಗಳು ರೇಸಿಂಗ್ ಆಯಿಲ್‌ನಲ್ಲಿ ಸಾಮಾನ್ಯವಾಗಿ ಕಡಿಮೆ. (ಆಯಿಲ್ ಬೇಗ ಕಪ್ಪಾಯಿತು, ಡೂಪ್ಲಿಕೇಟ್ ಹಾಕಿದ್ದೀರಿ ಅಂತ ಜಗಳಕ್ಕೆ ಬರುವವರು ನಮ್ಮ ಕಡೆ ಬಹಳ. ಕಪ್ಪಾಗುವುದು ಅದು ಮಸಿ ಹಿಡಿದುಕೊಳ್ಳುತ್ತಿರುವ ಗುರುತು. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲ್ ನೋಡನೋಡುತ್ತಲೇ ಕಪ್ಪಾಗುತ್ತದೆ.)

ಸಾಲದ್ದಕ್ಕೆ ರೇಸಿಂಗ್ ಆಯಿಲ್ ಎಲ್ಲಾ ಗಟ್ಟಿಯೂ ಅಲ್ಲ. ಇಂಜಿನ್ ಹಗುರವಾಗಿ ತಿರುಗಲಿ, ಸ್ವಲ್ಪ ಶಕ್ತಿ ಉಳಿಯಲಿ ಅಂತ ತೀರಾ ತೆಳು ಆಯಿಲ್ ಬಳಸುವ ರೇಸ್ ತಂಡಗಳೂ ಇವೆ. ಹೀಗಾಗಿ ‘ಗಟ್ಟಿ’ ಎರಡೂ ಅರ್ಥದಲ್ಲಿ ಕೈಕೊಡುತ್ತದೆ.

ಬಳ್ಳಾರಿಯಲ್ಲಿ ಒಂದು ಮಜಾ ಇದೆ. ಗ್ಯಾರೇಜಿನಲ್ಲಿ ಕನ್ನಡ, ತೆಲುಗು, ದಖನಿ ಮೂರೂ ಒಟ್ಟಿಗೇ ಓಡುತ್ತವೆ. ಅದೇ ಮೆಕ್ಯಾನಿಕ್ ತೆಲುಗಿನವರಿಗೆ ‘ಚಿಕ್ಕಟಿ’ ಅನ್ನುತ್ತಾನೆ, ದಖನಿಯಲ್ಲಿ ‘ಗಾಢಾ’ ಅನ್ನುತ್ತಾನೆ. ಬಾಳಿಕೆಗೆ ‘ಮಜ್ಬೂತ್’ ಬೇರೆಯೇ ಇದೆ. ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಕನ್ನಡಕ್ಕೆ ಬಂದಾಗ ಮಾತ್ರ ಎರಡು ಅರ್ಥ ಒಂದೇ ಪದದಲ್ಲಿ ಕೂತುಬಿಡುತ್ತವೆ. ‘ಗಾಢಾ’ವನ್ನೇ ತೆಗೆದುಕೊಳ್ಳೋಣ ಅಂದರೆ ನಮಗೆ ಗಾಢ ಅಂದರೆ ನಿದ್ದೆ, ಇಲ್ಲವೇ ಬಣ್ಣ.

ಶಾಲೆಯ ಪುಸ್ತಕದ ಪದ ‘ಸ್ನಿಗ್ಧತೆ’. ವಿಜ್ಞಾನದ ಪಾಠಕ್ಕೆ ಅದು ಸರಿಯೇ. ಆದರೆ ಸ್ನಿಗ್ಧ ಅಂದರೆ ಮೂಲದಲ್ಲಿ ಜಿಡ್ಡಿನದು, ನುಣುಪಾದದ್ದು, ಪ್ರೀತಿಯದು. ಕವಿಗಳು ಸ್ನಿಗ್ಧ ನಗು ಅಂತ ಬರೆಯುವುದು ಅದಕ್ಕೇ. ‘ಹೆಚ್ಚು ಸ್ನಿಗ್ಧತೆಯ ಆಯಿಲ್’ ಅಂತ ಗೋಡೆಗೆ ಅಂಟಿಸಿದರೆ ಇನ್ನೂ ನುಣುಪು, ಇನ್ನೂ ಒಳ್ಳೆಯದು ಅಂತಲೇ ಓದಿಕೊಳ್ಳುತ್ತಾರೆ. ಓದಿದರೆ ಅನ್ನಿ. ಆ ಪದ ನೋಡಿಯೇ ಮುಂದೆ ಹೋಗುವವರು ಜಾಸ್ತಿ.

ನನ್ನ ಓಟು ‘ಮಂದ’ಕ್ಕೆ. ಮಂದ ಮಜ್ಜಿಗೆ, ಮಂದ ಸಾರು ಎಲ್ಲರಿಗೂ ಗೊತ್ತು. ಎದುರಿಗೆ ‘ತೆಳು’ ಇದ್ದೇ ಇದೆ. ಗ್ಯಾರೇಜಿನ ಯಜಮಾನರಿಗೆ ಇದು ಹಿಡಿಸಲಿಲ್ಲ. ‘ಮಂದ ಅಂದ್ರೆ ಗಾಡಿ ಮಂದ ಆಗುತ್ತೆ ಅಂತ ತಿಳೀತಾರೆ ಸಾರ್’ ಅಂದರು. ನನಗೆ ಅದೇ ಇಷ್ಟವಾದ ಕಾರಣ! ತೆಳು ಆಯಿಲ್ ಬೇಡುವ ಇಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಅದು ನಿಜವಾಗಿಯೂ ಭಾರವಾಗಿ ತಿರುಗುತ್ತದೆ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಭಾಗಕ್ಕೆ ಏರುವುದೂ ತಡ. ಪದ ತಾನಾಗಿಯೇ ಎಚ್ಚರಿಕೆ ಕೊಟ್ಟರೆ ಬೇಡ ಅನ್ನಬೇಕಾ?

‘ಡಬ್ಲ್ಯು’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದು ವೇಟ್ ಅಲ್ಲ, ವಿಂಟರ್. ಡಬ್ಲ್ಯುಗೆ ಮೊದಲು ಬರುವ ಅಂಕಿಗೆ ‘ತಣ್ಣಗಿನ ಅಂಕಿ’, ಆಮೇಲೆ ಬರುವುದಕ್ಕೆ ‘ಬಿಸಿ ಅಂಕಿ’ ಅಂತ ಬರೆದಿದ್ದೇನೆ. ‘ಚಳಿ ಅಂಕಿ’ ಅಂದರೆ ನಮ್ಮೂರಲ್ಲಿ ಚಳಿ ಎಲ್ಲಿದೆ ಅಂತ ಕೇಳುತ್ತಾರೆ. ಕೇಳುವುದೂ ಸರಿಯೇ, 20ಡಬ್ಲ್ಯು ಆಯಿಲನ್ನೂ ಪರೀಕ್ಷೆ ಮಾಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ಆದರೆ ಇಂಜಿನ್ನಿನ ಲೆಕ್ಕದಲ್ಲಿ ಬಳ್ಳಾರಿಯ ಬೆಳಗಿನ 25 ಡಿಗ್ರಿಯೂ ತಣ್ಣಗೇ. ಬಿಸಿ ಅಂಕಿಯ ಅಳತೆ 100 ಡಿಗ್ರಿಯದು. ‘ನಮ್ಮ ಬಿಸಿಲಿಗೆ 50ನೇ ಬೇಕು’ ಅನ್ನುವವರಿಗೆ ಹಾಳೆಯಲ್ಲಿ ಒಂದೇ ಸಾಲು: ಗಾಡಿಯ ಜೊತೆ ಬಂದ ಪುಸ್ತಕದಲ್ಲಿ 50 ಇದ್ದರೆ ಹಾಕಿ, ಇಲ್ಲದಿದ್ದರೆ ಬೇಡ.

ಇನ್ನು ‘ರೇಸ್’. ನಮ್ಮಲ್ಲಿ ರೇಸ್ ಅಂದರೆ ಪಂದ್ಯ ಮಾತ್ರ ಅಲ್ಲ. ‘ಸುಮ್ನೆ ರೇಸ್ ಕೊಡಬೇಡ’ ಅಂದರೆ ನಿಂತಲ್ಲೇ ಎಕ್ಸಲೇಟರ್ ತುಳಿಯಬೇಡ ಅಂತ. ಹಾಗಾಗಿ ‘ರೇಸ್ ಆಯಿಲ್’ ಅಂದರೆ ಪಿಕಪ್ ಕೊಡುವ ಆಯಿಲ್ ಅಂತ ಅರ್ಥವಾಗುತ್ತದೆ. ಅದರ ಜೊತೆಗೆ ಕಂಪನಿಗಳ ಹೆಸರಿನ ಆಟ ಬೇರೆ. ಡಬ್ಬಿಯ ಮೇಲೆ ‘ರೇಸಿಂಗ್’ ಅಂತ ದೊಡ್ಡದಾಗಿ ಇದ್ದರೂ ಹಿಂದೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ, ಬೈಕಿನದಾದರೆ ಜಾಸೊ (ಜಪಾನಿನ ವಾಹನ ಮಾನಕ ಸಂಸ್ಥೆ) ಎಂಎ2 ಗುರುತು ಇರುವ ಆಯಿಲ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ರಸ್ತೆ ಗಾಡಿಗೇ ಮಾಡಿದವು, ಹೆಸರು ಮಾತ್ರ ರೇಸಿಂಗ್. ಹಾಳೆಯಲ್ಲಿ ಇದನ್ನು ಬಿಡಿಸಿ ಹೇಳದಿದ್ದರೆ ಒಳ್ಳೆಯ ಆಯಿಲನ್ನೂ ಹೆದರಿ ವಾಪಸ್ ಕೊಟ್ಟಾರು.

‘ಪಂದ್ಯದ ಎಣ್ಣೆ’ ಅಂತ ಬರೆದು ಗ್ಯಾರೇಜಿನ ಹುಡುಗರಿಗೆ ತೋರಿಸಿದೆ. ನಕ್ಕುಬಿಟ್ಟರು. ಯಾಕೆ ಅಂತ ನಿಮಗೂ ಗೊತ್ತು. ಎಣ್ಣೆ ಅಂದರೆ ಈಗ ಸಂಜೆಯ ಎಣ್ಣೆ. ಎಳ್ಳು, ನೆಯ್ (ಜಿಡ್ಡು) ಸೇರಿ ಆದ ಪದ ಎಲ್ಲಿಂದ ಎಲ್ಲಿಗೆ ಬಂತು ನೋಡಿ. ಆದರೂ ಎಣ್ಣೆಯ ಪರವಾಗಿ ಒಂದು ಮಾತು ಹೇಳಲೇಬೇಕು. ಒಂದು ಕಾಲದಲ್ಲಿ ರೇಸಿನ ಆಯಿಲ್ ನಿಜಕ್ಕೂ ಎಣ್ಣೆಯೇ ಆಗಿತ್ತು, ಅದೂ ನಮ್ಮ ಔಡಲೆಣ್ಣೆ. ಕ್ಯಾಸ್ಟ್ರಾಲ್ ಅನ್ನುವ ಹೆಸರು ಬಂದದ್ದೇ ಔಡಲಕ್ಕೆ ಇಂಗ್ಲಿಷಿನಲ್ಲಿರುವ ಕ್ಯಾಸ್ಟರ್ ಅನ್ನುವ ಪದದಿಂದ, 1909ರಲ್ಲಿ. ಮೊದಲ ಮಹಾಯುದ್ಧದ ಕಾಲದ ವಿಮಾನಗಳ ರೋಟರಿ ಇಂಜಿನ್ನಿಗೂ ಇದೇ ಎಣ್ಣೆ ಹಾಕುತ್ತಿದ್ದರು. ಅದು ಬಿಸಿಯಲ್ಲಿ ಚೆನ್ನಾಗಿ ನಿಲ್ಲುತ್ತದೆ, ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಆದರೆ ಒಳಗೇ ಬಿಟ್ಟರೆ ಅಂಟಾಗಿ, ಮೆರುಗೆಣ್ಣೆ ಹಚ್ಚಿದ ಹಾಗೆ ಗಟ್ಟಿ ಪದರ ಕೂರುತ್ತದೆ. ಆಗಾಗ ಬಿಚ್ಚಿ ತೊಳೆಯುವ ರೇಸ್ ಇಂಜಿನ್ನಿಗೆ ಅದು ನಡೆಯುತ್ತಿತ್ತು, ಮನೆ ಮುಂದೆ ನಿಲ್ಲುವ ಕಾರಿಗೆ ಆಗಲೂ ಹೊಂದುತ್ತಿರಲಿಲ್ಲ. ಔಡಲ ಬೆಳೆಯುವ ಸೀಮೆಯಲ್ಲಿ ಕೂತು ಇದನ್ನು ಹಾಳೆಗೆ ಸೇರಿಸದೆ ಬಿಡಲು ಮನಸ್ಸಿಲ್ಲ. ಯಜಮಾನರು ಜಾಗ ಇಲ್ಲ ಅನ್ನುತ್ತಿದ್ದಾರೆ.

ಕೊನೆಯದು ‘ವೇಗವರ್ಧಕ’. ನನಗೆ ಅತಿ ತಲೆನೋವು ಕೊಟ್ಟ ಪದ ಇದು. ರೇಸಿಂಗ್ ಆಯಿಲ್‌ನಲ್ಲಿ ಸವೆತ ತಡೆಯಲು ಸತು ಮತ್ತು ರಂಜಕ ಸೇರಿದ ಒಂದು ರಾಸಾಯನಿಕವನ್ನು ಜಾಸ್ತಿ ಹಾಕಿರುತ್ತಾರೆ. ಆಯಿಲ್ ಅಷ್ಟಿಷ್ಟು ಉರಿದಾಗ ರಂಜಕ ಹೊಗೆಯ ಜೊತೆ ಹೋಗಿ, ಸೈಲೆನ್ಸರ್ ದಾರಿಯಲ್ಲಿದ್ದು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಮೈಗೆ ಅಂಟಿ ಅದನ್ನು ನಿಧಾನಕ್ಕೆ ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಅದಕ್ಕೇ ಎಪಿಐ ಎಸ್‌ಪಿ ದರ್ಜೆಯ 5ಡಬ್ಲ್ಯು-30ರಂಥ ಆಯಿಲ್‌ಗಳಲ್ಲಿ ರಂಜಕ ಶೇಕಡಾ 0.06ರಿಂದ 0.08ರ ಒಳಗೆ ಇರಬೇಕು ಅಂತ ಮಿತಿ ಇದೆ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಹೊಗೆ ಶುದ್ಧ ಮಾಡುವ ಭಾಗಗಳ ಮೇಲೆ ಹೊರೆ ಇನ್ನೂ ಜಾಸ್ತಿ. ಈ ಕನ್ವರ್ಟರಿಗೆ ಕನ್ನಡದಲ್ಲಿ ‘ವೇಗವರ್ಧಕ ಪರಿವರ್ತಕ’ ಅಂತ ಬರೆಯುತ್ತಾರೆ. ರಸಾಯನಶಾಸ್ತ್ರ ಓದಿದವರಿಗೆ ಸರಿ. ಉಳಿದವರಿಗೆ ‘ರೇಸಿಂಗ್ ಆಯಿಲ್‌ನಿಂದ ವೇಗವರ್ಧಕಕ್ಕೆ ಹಾನಿ’ ಅಂದರೆ ಎಕ್ಸಲೇಟರ್ ಕೆಡುತ್ತದೆ ಅಂತಲೇ ಅನಿಸುತ್ತದೆ! ‘ಕ್ರಿಯಾವರ್ಧಕ’ ಸ್ವಲ್ಪ ವಾಸಿ, ಆದರೆ ಯಾರ ಬಾಯಲ್ಲೂ ಇಲ್ಲ. ನಾನು ‘ಹೊಗೆ ಶುದ್ಧ ಮಾಡುವ ಕನ್ವರ್ಟರ್’ ಅಂತ ಬಿಟ್ಟಿದ್ದೇನೆ.

ಸದ್ಯಕ್ಕೆ ಹಾಳೆಯ ಮುಖ್ಯ ಸಾಲು ಹೀಗಿದೆ: ‘ರೇಸಿಗೆಂದೇ ಮಾಡಿದ ಆಯಿಲ್ ದಿನದ ಗಾಡಿಗೆ ಬೇಡ. ಅದು ಬೇಗ ಬದಲಿಸಬೇಕಾದ ಆಯಿಲ್, ಕನ್ವರ್ಟರಿಗೂ ಕೆಟ್ಟದ್ದು. ಡಬ್ಬಿಯ ಹೆಸರು ನೋಡಬೇಡಿ, ಹಿಂದಿರುವ ಎಪಿಐ ಅಕ್ಷರ ನೋಡಿ: ಪೆಟ್ರೋಲಿಗೆ ಎಸ್, ಡೀಸೆಲ್‌ಗೆ ಸಿ. ಮಂದ, ತೆಳು ಯಾವುದು ಬೇಕು ಅನ್ನುವುದು ಗಾಡಿಯ ಪುಸ್ತಕದಲ್ಲಿದೆ.’

ರಾಯಚೂರು, ಕೊಪ್ಪಳದ ಕಡೆಯವರಿಗೆ ಒಂದು ಕೇಳಿಕೆ. ಸಿಂಧನೂರು, ಗಂಗಾವತಿ ಕಡೆ ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳು ಬಹಳ. ಅವರು ಆಯಿಲ್‌ಗೆ ‘ಮಂದ’ ಅನ್ನುತ್ತಾರಾ, ಅವರದೂ ‘ಗಟ್ಟಿ’ಯೇನಾ, ಅಥವಾ ನಾವು ಕೇಳದ ಮತ್ತೊಂದು ಪದ ಇದೆಯಾ? ಮುಂದಿನ ವಾರ ಹಾಳೆ ಪ್ರಿಂಟಿಗೆ ಹೋಗುತ್ತದೆ. ಅಷ್ಟರೊಳಗೆ ತಿಳಿಸಿದರೆ ಉಪಕಾರ.