ಹಿಂಬದಿ ತಡೆಗೋಡೆ: ಮೊದಲು ನೀರಿಗೆ ದಾರಿ, ಆಮೇಲೆ ಬ್ಲಾಕು

ಕೆಳಗಿನ ಸಾಲು, ಮನೆ 14
ನಮಸ್ಕಾರ ಎಲ್ಲರಿಗೂ. ನಿನ್ನೆ ರಾತ್ರಿ ಸುರಿದ ಚಿತ್ತಾ ಮಳೆಗೆ ನಮ್ಮ ಹಿಂದಿನ ಸೈಜುಗಲ್ಲಿನ ಗೋಡೆ ಇನ್ನಷ್ಟು ಉಬ್ಬಿದೆ. 13, 14, 15 ಮೂರೂ ಮನೆಗಳ ಹಿಂದೆ ಇರುವುದು ಇದೇ ಗೋಡೆ. ಫೋಟೋ ಹಾಕಿದ್ದೇನೆ, ನೋಡಿ. ಮಳೆ ನಿಂತು ಇಷ್ಟು ಹೊತ್ತಾದರೂ ಕಲ್ಲಿನ ಸಂದಿಯಿಂದ ಕೆಂಪು ನೀರು ಬರುತ್ತಲೇ ಇದೆ. ಮೇಲಿನ ಸಾಲಿನ ನೆಲ ನಮಗಿಂತ ನಾಲ್ಕು ಅಡಿ ಎತ್ತರ. ಗೋಡೆ ಜಾರಿದರೆ ಮಣ್ಣು, ಕಾಂಪೌಂಡು ಎಲ್ಲ ನಮ್ಮ ಹಿತ್ತಲಿಗೆ ಬರುತ್ತದೆ. ಅಮ್ಮ ಪಾತ್ರೆ ತೊಳೆಯುವುದು ಅಲ್ಲೇ. ನಾಳೆಯೇ ಮೇಸ್ತ್ರಿಯನ್ನು ಕರೆಸಿ ಬ್ಲಾಕ್ ಗೋಡೆ ಶುರು ಮಾಡಿಸೋಣ ಅಂತಿದ್ದೇನೆ. ಪಕ್ಕದವರು, ಮೇಲಿನವರು ಏನಂತೀರಿ?

ಮೇಲಿನ ಸಾಲು, ಮನೆ 27
ಫೋಟೋ ನೋಡಿ ಭಯ ಆಯಿತು ಸಾರ್. ನಮ್ಮ ಕಾಂಪೌಂಡಿನ ಬುಡದಲ್ಲೂ ಬಿರುಕು ಬಿಟ್ಟಿದೆ. ಆದರೆ ಒಂದು ಮಾತು ಹೇಳಲೇಬೇಕು. ನೀವೆಲ್ಲ ಮನೆ ಕಟ್ಟುವಾಗ ಸೈಟು ಲೆವೆಲ್ ಮಾಡಲು ಮಣ್ಣು ಕಡಿದಿರಿ. ಗೋಡೆ ಬೇಕಾಗಿದ್ದೇ ಅದಕ್ಕೆ. ಈಗ ಖರ್ಚು ನಮ್ಮ ಮೇಲೆ ಬರುವುದು ಸರಿಯಲ್ಲ.

ಕೆಳಗಿನ ಸಾಲು, ಮನೆ 13
ಮೇಡಂ, ಮೇಲೆ ಮಣ್ಣು ತುಂಬಿಸಿ ಎತ್ತರ ಮಾಡಿಕೊಂಡಿದ್ದು ಯಾರು? ನಿಮ್ಮ ತಾರಸಿಯ ಪೈಪು ನೀರು ಬಿಡುವುದು ಎಲ್ಲಿ? ಸೀದಾ ಆ ಗೋಡೆಯ ಹಿಂದೆ. ನಮ್ಮ ಹಿತ್ತಲು ವರ್ಷಪೂರ್ತಿ ಒದ್ದೆ. ಗೋಡೆ ತುಂಬ ಬಿಳಿ ಉಪ್ಪು ಹಿಡಿದಿದೆ.

ಮೇಲಿನ ಸಾಲು, ಮನೆ 31
ಕಡಿದವರು ಯಾರು, ತುಂಬಿದವರು ಯಾರು ಅನ್ನುವ ಮಾತು ಇವತ್ತು ಬೇಡ. ಎರಡೂ ಆಗಿದೆ. ಇಳಿಜಾರಿನ ಜಾಗದಲ್ಲಿ 30x40 ಸೈಟು ಮಾಡಿದರೆ ಒಬ್ಬರು ಕಡಿಯಬೇಕು, ಒಬ್ಬರು ತುಂಬಬೇಕು. ನಾನು ಸಿವಿಲ್ ಇಂಜಿನಿಯರ್ ಆಗಿ ನಿವೃತ್ತನಾದವನು. ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ಇವತ್ತಿನ ಕೆಲಸ. ಕೆಂಪು ನೀರು ಬರುತ್ತಿದೆ ಅಂದರೆ ನೀರಿನ ಜೊತೆ ಮಣ್ಣೂ ಹೊರಗೆ ಬರುತ್ತಿದೆ. ಗೋಡೆಯ ಹಿಂದೆ ಪೊಳ್ಳಾಗುತ್ತಿದೆ. ತಿಳಿ ನೀರಾಗಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಕೆಳಗಿನ ಮೂರೂ ಮನೆಯವರು ಹಿತ್ತಲಲ್ಲಿ ಓಡಾಡುವುದು, ಮಕ್ಕಳನ್ನು ಬಿಡುವುದು, ಗಾಡಿ ನಿಲ್ಲಿಸುವುದು ಎಲ್ಲ ನಿಲ್ಲಿಸಿ. ಮೇಲಿನ ಮೂರು ಮನೆಯವರು, 26, 27, 28, ತಾರಸಿ ಪೈಪಿಗೆ ಒಂದು ಬೆಂಡು ಹಾಕಿ ನೀರನ್ನು ರಸ್ತೆ ಕಡೆಗೆ ತಿರುಗಿಸಿ. ಗೋಡೆ ಪಕ್ಕದ ಮಣ್ಣಿನ ಮೇಲೆ ಟಾರ್ಪಾಲ್ ಹೊದಿಸಿ. 1200 ಚದರ ಅಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. ಮೂರು ಮನೆಯದು ಲೆಕ್ಕ ಹಾಕಿ. ಒಂದೇ ಮಳೆಗೆ ಅಷ್ಟು ನೀರು ಆ ಗೋಡೆಯ ಬೆನ್ನಿಗೆ ಹೋಗುತ್ತಿದೆ.

ಮೇಲಿನ ಸಾಲು, ಮನೆ 27
ಪೈಪು ಇವತ್ತು ಸಂಜೆಯೊಳಗೆ ತಿರುಗಿಸುತ್ತೇವೆ ಅಂಕಲ್. ಪ್ಲಂಬರ್‌ಗೆ ಫೋನ್ ಮಾಡಿದ್ದೇನೆ. ನೀರು ಅಷ್ಟು ಹೋಗುತ್ತಿದೆ ಅಂತ ಅಂದುಕೊಂಡಿರಲಿಲ್ಲ.

ಮೇಲಿನ ಸಾಲು, ಮನೆ 28
ನಮ್ಮದೂ ಮಾಡಿಸುತ್ತೇನೆ.

ಕೆಳಗಿನ ಸಾಲು, ಮನೆ 15
ಮೇಸ್ತ್ರಿಯನ್ನು ನಾನು ಈಗಲೇ ಕೇಳಿದೆ. ಆರು ಇಂಚಿನ ಸಾಲಿಡ್ ಬ್ಲಾಕು, ಎರಡೂ ಕಡೆ ಪ್ಲಾಸ್ಟರ್, ಮಧ್ಯೆ ಎರಡು ಕಡೆ ಪೈಪಿನ ತೂತು ಬಿಟ್ಟರೆ ಸಾಕು, ಹತ್ತು ದಿನದಲ್ಲಿ ಮುಗಿಸಿಕೊಡುತ್ತೇನೆ ಅಂದರು. ಕಡಿಮೆ ಖರ್ಚಿನಲ್ಲಿ ಆಗುತ್ತದೆ ಅಲ್ವಾ ಸಾರ್?

ಮೇಲಿನ ಸಾಲು, ಮನೆ 31
ಬೇಡ. ದಯವಿಟ್ಟು ಬೇಡ. ಅದು ಕಾಂಪೌಂಡ್ ಕಟ್ಟುವ ರೀತಿ. ಕಾಂಪೌಂಡಿನ ಎರಡೂ ಕಡೆ ಗಾಳಿ ಇರುತ್ತದೆ. ತಡೆಗೋಡೆಯ ಒಂದು ಕಡೆ ಮಣ್ಣು ಹಗಲೂ ರಾತ್ರಿ ತಳ್ಳುತ್ತಿರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ವಿಷಯ ನಿಂತಿರುವುದು ಇದರ ಮೇಲೆ. ಒಣಗಿದ ಮಣ್ಣು ತನ್ನ ಭಾರದ ಮೂರನೇ ಒಂದು ಪಾಲಿನಷ್ಟನ್ನು ಮಾತ್ರ ಪಕ್ಕಕ್ಕೆ ತಳ್ಳುತ್ತದೆ. ನೀರು ಹಾಗಲ್ಲ. ತನ್ನ ಪೂರ್ತಿ ಭಾರವನ್ನೂ ಪಕ್ಕಕ್ಕೆ ತಳ್ಳುತ್ತದೆ. ನಮ್ಮ ನಾಲ್ಕು ಅಡಿ ಗೋಡೆಯನ್ನೇ ತೆಗೆದುಕೊಳ್ಳಿ. ನೀರಿಲ್ಲದ ಮಣ್ಣಿದ್ದರೆ ಒಂದು ಅಡಿ ಉದ್ದಕ್ಕೆ ಸುಮಾರು 130 ಕೆಜಿ ಒತ್ತಡ. ಅದೇ ಮಣ್ಣಿನಲ್ಲಿ ಮೇಲಿನವರೆಗೂ ನೀರು ನಿಂತರೆ ಸುಮಾರು 280 ಕೆಜಿ. ಗೋಡೆ ಅದೇ, ಮಣ್ಣು ಅದೇ, ಒತ್ತಡ ಎರಡು ಪಟ್ಟಿಗಿಂತ ಜಾಸ್ತಿ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಗೋಡೆ ಅಕ್ಟೋಬರ್‌ನಲ್ಲಿ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಉತ್ತರ ಇದೇ. 2021ರ ಅಕ್ಟೋಬರ್ ಮಳೆಗೆ ನಮ್ಮ ಚಾಮುಂಡಿ ಬೆಟ್ಟದಲ್ಲೇ ನಂದಿ ಕಡೆಗೆ ಹೋಗುವ ರಸ್ತೆ ಕುಸಿದದ್ದು ನಿಮಗೆಲ್ಲ ನೆನಪಿರಬೇಕು.

ಇನ್ನೊಂದು. ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ, ಗೋಡೆಯನ್ನು ಮಗುಚುವ ಬಲ ಎಂಟು ಪಟ್ಟಾಗುತ್ತದೆ. ಎರಡು ಅಡಿ ಗೋಡೆ ನಿಂತಿದೆ, ಅದೇ ತರಹ ನಾಲ್ಕು ಅಡಿಯದೂ ನಿಲ್ಲುತ್ತದೆ ಅಂತ ಮೇಸ್ತ್ರಿಗಳು ಅಂದುಕೊಳ್ಳುವುದು ಇಲ್ಲೇ ತಪ್ಪುತ್ತದೆ.

ಕೆಳಗಿನ ಸಾಲು, ಮನೆ 14
ಹಾಗಾದರೆ ಹೇಗೆ ಕಟ್ಟಬೇಕು ಸಾರ್? ಬ್ಲಾಕೇ ಬೇಡವೇ?

ಮೇಲಿನ ಸಾಲು, ಮನೆ 31
ಬ್ಲಾಕಿನಲ್ಲೇ ಕಟ್ಟಬಹುದು. ಎಂಟು ಇಂಚಿನ ಕಾಂಕ್ರೀಟ್ ಹಾಲೋ ಬ್ಲಾಕು ತೆಗೆದುಕೊಳ್ಳಿ, 16x8x8 ಅಳತೆಯದು. ಹಗುರವಾದ ಬಿಳಿ ಬ್ಲಾಕು ಈ ಕೆಲಸಕ್ಕೆ ಆಗುವುದಿಲ್ಲ, ನೀರು ಹೀರುತ್ತದೆ. ಕೆಳಗೆ ಕಂಬಿ ಕಟ್ಟಿದ ಕಾಂಕ್ರೀಟ್ ಪಾಯ ಬೇಕು. ಅದರ ಅಗಲ ಗೋಡೆಯ ಎತ್ತರದ ಅರ್ಧಕ್ಕಿಂತ ಜಾಸ್ತಿ ಇರಬೇಕು, ನಮಗೆ ಎರಡೂವರೆಯಿಂದ ಮೂರು ಅಡಿ. ಹೆಚ್ಚಿನ ಭಾಗ ಮಣ್ಣಿನ ಕಡೆಗೆ ಚಾಚಿರಬೇಕು. ಆಗ ಮೇಲಿನ ಮಣ್ಣಿನ ಭಾರವೇ ಪಾಯವನ್ನು ಅದುಮಿ ಹಿಡಿಯುತ್ತದೆ. ಪಾಯ ತುಂಬಿದ ಮಣ್ಣಿನ ಮೇಲೆ ಕೂರಬಾರದು. ಗಟ್ಟಿ ನೆಲ ಸಿಗುವವರೆಗೂ ಅಗೆಯಿರಿ.

ಪಾಯದ ಕಾಂಕ್ರೀಟ್ ಹಾಕುವಾಗಲೇ ನಿಲುವು ಕಂಬಿ ಬಿಟ್ಟಿರಬೇಕು. ಗೋಡೆ ಎದ್ದ ಮೇಲೆ ತೂತು ಕೊರೆದು ಕಂಬಿ ನೆಡುವುದು ಕೆಲಸಕ್ಕೆ ಬಾರದು. 12 ಮಿ.ಮೀ. ಕಂಬಿ ಆದರೆ ಜೋಡಣೆಯ ಕಡೆ ಎರಡು ಕಂಬಿಗಳೂ ಎರಡು ಅಡಿಯಾದರೂ ಒಂದರ ಪಕ್ಕ ಒಂದು ಇರಬೇಕು. ಕಂಬಿ ಬ್ಲಾಕಿನ ಪೊಳ್ಳಿನಲ್ಲಿ ಮಣ್ಣಿನ ಕಡೆಗೆ ಸರಿದು ನಿಲ್ಲಬೇಕು, ಮುಂದಿನ ಕಡೆಗಲ್ಲ. ಗೋಡೆ ಬಾಗುವಾಗ ಎಳೆತ ಬೀಳುವುದು ಮಣ್ಣಿನ ಕಡೆಗೇ. ಆಮೇಲೆ ಪೊಳ್ಳಿಗೆಲ್ಲ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿ ಕುಟ್ಟಬೇಕು. ಕ್ಯೂರಿಂಗ್ ಒಂದು ವಾರಕ್ಕೆ ಕಡಿಮೆ ಬೇಡ. ಕಂಬಿಯ ಅಂತರ, ಪಾಯದ ದಪ್ಪ ಇವನ್ನು ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ನಕ್ಷೆ ಬರೆದುಕೊಡಲಿ. ನಾಲ್ಕು ಅಡಿ ಎತ್ತರ, ಅದರ ಮೇಲೆ ಮನೆಗಳು. ಅಂದಾಜಿನಲ್ಲಿ ಕಟ್ಟುವ ಜಾಗ ಅಲ್ಲ.

ಕೆಳಗಿನ ಸಾಲು, ಮನೆ 13
ನೀರಿಗೆ ತೂತು ಬಿಟ್ಟರೆ ಸಾಕಲ್ಲವೇ? ಈಗಿನ ಗೋಡೆಗೂ ತೂತು ಇದೆ. ಒಂದರಲ್ಲೂ ನೀರು ಬರುವುದಿಲ್ಲ.

ಮೇಲಿನ ಸಾಲು, ಮನೆ 31
ಬರುವುದಿಲ್ಲ, ಯಾಕೆಂದರೆ ಆ ತೂತುಗಳ ಹಿಂದೆ ನೇರವಾಗಿ ಮಣ್ಣು ತುಂಬಿದ್ದಾರೆ. ನಮ್ಮ ಕೆಮ್ಮಣ್ಣು ಪೈಪಿನೊಳಗೆ ಬಂದು ಕೂತು ಗಟ್ಟಿಯಾಗಿದೆ. ತೂತಿಗಿಂತ ಮುಖ್ಯ ಅದರ ಹಿಂದೆ ಏನಿದೆ ಅನ್ನುವುದು.

ಗೋಡೆಯ ಬೆನ್ನಿಗೆ ಒಂದು ಅಡಿ ಅಗಲಕ್ಕೆ ಬರೀ 20 ಮಿ.ಮೀ. ಜಲ್ಲಿ, ಕೆಳಗಿನಿಂದ ಹೆಚ್ಚುಕಡಿಮೆ ಮೇಲಿನವರೆಗೂ. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ, ನಾವು ಕಾಫಿ ಸೋಸುವ ಬಟ್ಟೆಯ ಹಾಗೆ. ಅದರ ಬದಲು ಹಸಿರು ನೆಟ್ ಹಾಕಬೇಡಿ, ಅದರ ಕಣ್ಣು ದೊಡ್ಡದು, ಮಣ್ಣು ನುಗ್ಗುತ್ತದೆ. ಜಲ್ಲಿಯ ಜಾಗದಲ್ಲಿ ಕ್ರಷರ್ ಪುಡಿ, ಎಂ ಸ್ಯಾಂಡ್, ಒಡೆದ ಪ್ಲಾಸ್ಟರ್ ತುಂಬಿಸಲು ನೋಡುತ್ತಾರೆ. ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ಮುಚ್ಚಿದ ಮೇಲೆ ಯಾರಿಗೂ ಕಾಣುವುದಿಲ್ಲ.

ಜಲ್ಲಿಯ ತಳದಲ್ಲಿ ನಾಲ್ಕು ಇಂಚಿನ ತೂತು ಪೈಪು, ತೂತು ಕೆಳಮುಖವಾಗಿ. ನೀರು ತಳದಿಂದ ಏರುತ್ತಾ ಬರುತ್ತದೆ, ತೂತು ಕೆಳಗಿದ್ದರೆ ಬೇಗ ಪೈಪಿಗೆ ಸೇರುತ್ತದೆ. ಪೈಪಿಗೆ ನೂರಕ್ಕೆ ಒಂದು ಇಳಿಜಾರು. ನಮ್ಮ 90 ಅಡಿ ಉದ್ದಕ್ಕೆ ಸುಮಾರು 11 ಇಂಚು. ಮೇಲಿನ ತುದಿಯಲ್ಲಿ ನೆಟ್ಟಗೆ ಒಂದು ಪೈಪು ಎಬ್ಬಿಸಿ ಮುಚ್ಚಳ ಹಾಕಿ. ವರ್ಷಕ್ಕೊಮ್ಮೆ ಹೋಸ್ ಬಿಟ್ಟು ತೊಳೆಯಬಹುದು. ಕೆಳ ತುದಿಗೆ ಜಾಲರಿ, ಇಲ್ಲದಿದ್ದರೆ ಹೆಗ್ಗಣ ಸೇರುತ್ತದೆ. ಇದರ ಜೊತೆಗೆ ಗೋಡೆಯಲ್ಲೂ ಐದಾರು ಅಡಿಗೊಂದು ಮೂರು ಇಂಚಿನ ಪೈಪು, ಹೊರಗೆ ಸ್ವಲ್ಪ ಬಾಗಿದಂತೆ. ದೊಡ್ಡ ಪೈಪು ಎಂದಾದರೂ ಕಟ್ಟಿಕೊಂಡರೆ ಈ ಕಿಂಡಿಗಳು ಕೈ ಹಿಡಿಯುತ್ತವೆ.

ಎಲ್ಲಕ್ಕಿಂತ ಮೇಲೆ ಎಂಟು ಇಂಚು ಜಿಗುಟು ಮಣ್ಣು ಅದುಮಿ, ಗೋಡೆಯಿಂದ ಹಿಂದಕ್ಕೆ ವಾಟ ಕೊಡಿ. ಮಳೆ ನೀರು ಮೇಲಿನಿಂದ ಜಲ್ಲಿಗೆ ಇಳಿಯಲೇಬಾರದು. ಜಲ್ಲಿ ಇರುವುದು ಮಣ್ಣಿನೊಳಗಿನ ನೀರಿಗೆ ಮಾತ್ರ.

ಮೇಲಿನ ಸಾಲು, ಮನೆ 26
ನನ್ನ ಚಿಂತೆ ಬೇರೆ ಅಂಕಲ್. ಪಾಯ ನಮ್ಮ ಕಡೆಗೆ ಚಾಚಬೇಕು ಅಂದರೆ ನಮ್ಮ ಜಾಗ ಅಗೆಯಬೇಕು. ಗೋಡೆಯಿಂದ ನಾಲ್ಕು ಅಡಿಗೆ ಸಂಪ್ ಇದೆ. ಮೇಲೆ ಐದು ಅಡಿ ಕಾಂಪೌಂಡ್ ಬೇರೆ ಇದೆ. ಅಗೆಯುವಾಗಲೇ ಎಲ್ಲ ಕುಸಿದರೆ?

ಮೇಲಿನ ಸಾಲು, ಮನೆ 31
ನಿಮ್ಮ ಚಿಂತೆ ನ್ಯಾಯವಾದದ್ದಮ್ಮ. ಮೂರು ಮಾತು. ಮೊದಲು ಸಂಪ್ ಸೋರುತ್ತಿದೆಯೇ ನೋಡಿ. ರಾತ್ರಿ ಮೋಟಾರು, ವಾಲ್ವು ಎಲ್ಲ ನಿಲ್ಲಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿ. ಮಳೆ ಇಲ್ಲದ ತಿಂಗಳಲ್ಲೂ 13ನೆಯವರ ಹಿತ್ತಲು ಒದ್ದೆ ಇರುವುದಕ್ಕೆ ಅದೂ ಕಾರಣ ಇರಬಹುದು. ಎರಡನೆಯದು, ಕೆಲಸ ಶುರುವಾಗುವ ಮೊದಲು ಕಾಂಪೌಂಡ್ ಬಿಚ್ಚಿ. ಆಮೇಲೂ ತಡೆಗೋಡೆಯ ಮೇಲೆ ಭಾರದ ಕಾಂಪೌಂಡ್ ಬೇಡ, ಗ್ರಿಲ್ ಅಥವಾ ತಂತಿಯ ಜಾಲರಿ ಸಾಕು. ಏನೇ ನಿಲ್ಲಿಸುವುದಿದ್ದರೂ ಅದರ ಲೆಕ್ಕ ನಕ್ಷೆಯಲ್ಲಿ ಇರಬೇಕು. ಮೂರನೆಯದು, 90 ಅಡಿಯನ್ನೂ ಒಟ್ಟಿಗೆ ಅಗೆಯಬಾರದು. ಏಳೆಂಟು ಅಡಿಯ ತುಂಡು ಮಾಡಿ, ಒಂದು ಬಿಟ್ಟು ಒಂದು ಅಗೆದು ಕಟ್ಟುತ್ತಾ ಬರಬೇಕು. ಜೆಸಿಬಿಯವರು ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂದರೆ ಒಪ್ಪಬೇಡಿ. ಸಂಪ್ ಇರುವ ತುಂಡಿನಲ್ಲಿ ಇಂಜಿನಿಯರ್ ಎದುರಿಗಿದ್ದಾಗ ಮಾತ್ರ ಅಗೆಯಬೇಕು, ಸಂಪ್ ಖಾಲಿ ಇರಬೇಕು.

ಅದಕ್ಕೇ ನಾಳೆ ಶುರು ಮಾಡುವುದು ಬೇಡ ಅನ್ನುವುದು. ಚಿತ್ತಾ ಆಯಿತು, ಇನ್ನು ಸ್ವಾತಿ ಮಳೆ ಇದೆ. ಒದ್ದೆ ಮಣ್ಣಿನಲ್ಲಿ ಕಡಿದರೆ ಕೂಲಿಯವರ ಮೇಲೆ ಬೀಳುತ್ತದೆ. ಅಲ್ಲಿಯವರೆಗೆ ಮರದ ದಿಮ್ಮಿ ಕೊಟ್ಟು ಉಬ್ಬಿದ ಜಾಗಕ್ಕೆ ಆನಿಕೆ ಮಾಡಿಸೋಣ. ಸಂಕ್ರಾಂತಿ ಕಳೆದ ಕೂಡಲೇ ಶುರು ಮಾಡಿದರೆ ಭರಣಿ ಮಳೆಗೆ ಮುಂಚೆ ಆರಾಮಾಗಿ ಮುಗಿಯುತ್ತದೆ.

ಕೆಳಗಿನ ಸಾಲು, ಮನೆ 12
ಮೂಲೆ ಮನೆ ನಮ್ಮದು. ಆ ತೂತು ಪೈಪು ಕೊನೆಗೆ ನಮ್ಮ ಪಕ್ಕದಿಂದಲೇ ರಸ್ತೆ ಚರಂಡಿಗೆ ಹೋಗಬೇಕು ಅಲ್ವಾ? ಹೋಗಲಿ, ಅಡ್ಡಿಯಿಲ್ಲ. ಆದರೆ ಚರಂಡಿಯಲ್ಲಿ ಹೂಳು ತುಂಬಿದೆ. ನೀರು ವಾಪಸ್ ಬಂದರೆ ನಮ್ಮ ಮನೆಗೇ ನುಗ್ಗುತ್ತದೆ. ಯುಜಿಡಿಗೆ, ಅಂದರೆ ಕೊಳಚೆ ನೀರಿನ ಒಳಚರಂಡಿಗೆ, ಸೇರಿಸಿದರೆ ಸುಲಭ ಅಲ್ಲವೇ?

ಮೇಲಿನ ಸಾಲು, ಮನೆ 31
ಯುಜಿಡಿಗೆ ಮಳೆ ನೀರು ಬಿಡಲೇಬಾರದು. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಅದೇ ಮುಖ್ಯ ಕಾರಣ. ರಸ್ತೆ ಚರಂಡಿಗೇ ಹೋಗಬೇಕು. ನೀವು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಚರಂಡಿಯ ತಳ ನಮ್ಮ ಪೈಪಿನ ಬಾಯಿಗಿಂತ ಕೆಳಗಿದೆಯೇ ಅನ್ನುವುದನ್ನು ಮೊದಲು ಅಳೆಯಬೇಕು. ಇಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಅಳೆಯಲು ಮೇಸ್ತ್ರಿಗಳ ನೀರಿನ ಲೆವೆಲ್ ಟ್ಯೂಬು ಸಾಕು.

ಕೆಳಗಿನ ಸಾಲು, ಮನೆ 5
ನಡುವೆ ಒಂದು ಸಣ್ಣ ಪ್ರಶ್ನೆ. ನಮ್ಮ ಮುಂದಿನ ತೋಟದಲ್ಲಿ ಎರಡು ಅಡಿ ಏರು ಇದೆ. ಬ್ಲಾಕ್ ಗೋಡೆ ನಾನೇ ಕಟ್ಟಿಕೊಳ್ಳಬಹುದೇ? ಹಿಂದೆ ಹೂವಿನ ಗಿಡ ಬಿಟ್ಟರೆ ಬೇರೆ ಭಾರ ಇಲ್ಲ.

ಮೇಲಿನ ಸಾಲು, ಮನೆ 31
ಕಟ್ಟಿಕೊಳ್ಳಿ, ಸಂತೋಷ. ಅಷ್ಟು ಎತ್ತರಕ್ಕೆ ಕಾಂಕ್ರೀಟ್ ಪಾಯ ಇಲ್ಲದೆ ಸಾಲಿಡ್ ಬ್ಲಾಕನ್ನು ಗಾರೆಯಿಲ್ಲದೆ ಜೋಡಿಸಬಹುದು. ಎಂಟು ಇಂಚಿನದೇ ಇರಲಿ, ಅಡ್ಡಡ್ಡ ಇಟ್ಟು ಗೋಡೆಯ ದಪ್ಪ 16 ಇಂಚು ಮಾಡಿಕೊಳ್ಳಿ. ಕೆಳಗೆ ಆರು ಇಂಚು ಜಲ್ಲಿಪುಡಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿ. ಮೊದಲ ವರಸೆ, ಅಂದರೆ ಬ್ಲಾಕಿನ ಮೊದಲ ಸಾಲು, ಪೂರ್ತಿ ನೆಲದೊಳಗೆ ಹೂತಿರಬೇಕು. ಆ ವರಸೆಗೆ ರಸಮಟ್ಟ ಹಿಡಿದು ಎಷ್ಟು ಹೊತ್ತು ಕೂತರೂ ಸರಿ, ಅದು ಮಟ್ಟವಾದರೆ ಉಳಿದದ್ದು ಬೇಗ ಸಾಗುತ್ತದೆ. ಮೇಲಿನ ಪ್ರತಿ ವರಸೆಯೂ ಮುಕ್ಕಾಲು ಇಂಚು ಹಿಂದಕ್ಕೆ ಸರಿಯಲಿ, ಸಂದಿಯ ಮೇಲೆ ಸಂದಿ ಬರದಿರಲಿ. ಹಿಂದೆ ಜಲ್ಲಿ, ಬಟ್ಟೆ, ತೂತು ಪೈಪು ಇಲ್ಲೂ ಬೇಕು.

ಕೆಳಗಿನ ಸಾಲು, ಮನೆ 14
ಖರ್ಚಿನ ವಿಷಯ ನಾನೇ ಎತ್ತುತ್ತೇನೆ. ಗೋಡೆ ಎರಡೂ ಕಡೆಯ ಆರು ಮನೆಗಳನ್ನೂ ಕಾಯುತ್ತದೆ. ಅದರ ಖರ್ಚು ಆರು ಮನೆಗೂ ಸಮ ಆಗಲಿ. ಪೈಪಿನ ಕೊನೆಯ ಭಾಗ, ಚರಂಡಿ ದುರಸ್ತಿ ಎರಡೂ ಸಾಲಿನ ಎಲ್ಲ ಮನೆಗಳಿಂದ ಆಗಲಿ, ಎಲ್ಲರ ನೀರೂ ಅಲ್ಲಿಗೇ ಬರುವುದು. ಒಪ್ಪಿಗೆ ಇದ್ದರೆ ಬರೆದು ಆರೂ ಮನೆಯವರು ಸಹಿ ಹಾಕೋಣ. ಪಾಯ ಯಾರ ಜಾಗದಲ್ಲಿ ಎಷ್ಟು ಬರುತ್ತದೆ ಅನ್ನುವುದೂ ಅದರಲ್ಲಿ ಇರಲಿ. ನಾಳೆ ಮನೆ ಮಾರುವಾಗ ತಕರಾರು ಬೇಡ.

ಮೇಲಿನ ಸಾಲು, ಮನೆ 27
ಸಮಪಾಲಿಗೆ ನಮ್ಮ ಒಪ್ಪಿಗೆ ಇದೆ. ಬೆಳಗ್ಗೆ ನಾನು ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಪೈಪು ತಿರುಗಿಸಿ ಆಯಿತು.

ಕೆಳಗಿನ ಸಾಲು, ಮನೆ 13
ಒಪ್ಪಿಗೆ ಮೇಡಂ. ತುಂಬ ಥ್ಯಾಂಕ್ಸ್.

ಮೇಲಿನ ಸಾಲು, ಮನೆ 26
ಒಪ್ಪಿಗೆ. ಸಂಪ್ ಇವತ್ತು ರಾತ್ರಿಯೇ ಪರೀಕ್ಷೆ ಮಾಡುತ್ತೇವೆ.

ಮೇಲಿನ ಸಾಲು, ಮನೆ 28
ನಾವೂ ಒಪ್ಪುತ್ತೇವೆ. ಸಹಿಗೆ ಬರುತ್ತೇನೆ.

ಕೆಳಗಿನ ಸಾಲು, ಮನೆ 15
ನಮ್ಮದೂ ಸೇರಿಸಿ. ಸಾಮಾನಿನ ಲೆಕ್ಕ ಮಾಡಿದ್ದೇನೆ, ಸರಿಯಿದೆಯೇ ನೋಡಿ ಸಾರ್. ಪಾಯದಿಂದ ಏಳು ವರಸೆ, 90 ಅಡಿಗೆ ಸುಮಾರು 475 ಬ್ಲಾಕು, ಒಡೆಯುವುದು ಸೇರಿ 500. ಬೆನ್ನಿನ ಜಲ್ಲಿ 360 ಘನ ಅಡಿ.

ಮೇಲಿನ ಸಾಲು, ಮನೆ 31
ಸರಿಯಿದೆ. ಕೊಟೇಶನ್ ಕೇಳುವಾಗ ಜಲ್ಲಿ, ಬಟ್ಟೆ, ಪೈಪು ಇವನ್ನು ಬೇರೆ ಬೇರೆ ಸಾಲಿನಲ್ಲಿ ಬರೆಸಿ. ‘ಗೋಡೆ ಒಟ್ಟು ಇಷ್ಟು’ ಅಂತ ಬರೆಸಿದರೆ ಮೊದಲು ಮಾಯವಾಗುವುದು ಅವೇ. ಮಣ್ಣನ್ನು ಎಂಟೆಂಟು ಇಂಚಿನ ಪದರವಾಗಿ ತುಂಬಿ ದಮ್ಮಸ್ಸು ಮಾಡಬೇಕು, ಗೋಡೆಯಿಂದ ಮೂರು ಅಡಿಯೊಳಗೆ ದೊಡ್ಡ ಮಿಷನ್ ತರಬಾರದು ಅನ್ನುವುದನ್ನೂ ಸೇರಿಸಿ.

ಕೆಳಗಿನ ಸಾಲು, ಮನೆ 14
ಹಾಗಾದರೆ ಭಾನುವಾರ ಬೆಳಗ್ಗೆ ಎಂಟಕ್ಕೆ ಮೂಲೆ ಮನೆ ಹತ್ತಿರ ಸೇರೋಣ. ಲೆವೆಲ್ ಟ್ಯೂಬು ನಾನು ತರುತ್ತೇನೆ. ಚರಂಡಿ ಹೂಳಿಗೆ ಅರ್ಜಿ 13ನೆಯವರು ಬರೆದುಕೊಂಡು ಬನ್ನಿ, ಎಲ್ಲರೂ ಸಹಿ ಹಾಕುತ್ತೇವೆ. ಆನಿಕೆ ಕೊಡಲು ಮರದ ದಿಮ್ಮಿ ಯಾರ ಮನೆಯಲ್ಲಾದರೂ ಇದ್ದರೆ ಇವತ್ತೇ ತಿಳಿಸಿ.

ಕೆಳಗಿನ ಸಾಲು, ಮನೆ 5
ನಮ್ಮಲ್ಲಿ ಸೆಂಟ್ರಿಂಗಿನ ಮರದ ಕಂಬ ಎಂಟೋ ಹತ್ತೋ ಇವೆ. ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗಿ.