ಸೂರ್ಯಕಾಂತಿ ಸುಳಿ ತಿರುಚಿ ಕಪ್ಪಾಗುತ್ತಿದೆ, ಬದುವಿನ ಕಾಂಗ್ರೆಸ್ ಗಿಡ ಕಾರಣವಾ?

ಮಳೆಹೊಲ:
ಕುಷ್ಟಗಿ ಕಡೆಯವನು. ಸೂರ್ಯಕಾಂತಿ ಹಾಕಿ ತಿಂಗಳಾಯಿತು. ರಸ್ತೆ ಬದಿಯ ಸಾಲುಗಳಲ್ಲಿ ಎಲೆ ಒಂದು ಮಗ್ಗುಲಿಗೆ ಒಣಗಿ, ತೊಟ್ಟು, ಕಾಂಡ ಕಪ್ಪಾಗಿ, ಸುಳಿ ತಿರುಚಿಕೊಳ್ಳುತ್ತಿದೆ. ಒಳಗಿನ ಸಾಲುಗಳು ಚೆನ್ನಾಗಿವೆ. ಅಂಗಡಿಯವರು ಶಿಲೀಂಧ್ರದ ಔಷಧಿ ಕೊಟ್ಟರು, ಹೊಡೆದರೂ ನಿಲ್ಲಲಿಲ್ಲ. ಬದುವಿನ ತುಂಬಾ ಕಾಂಗ್ರೆಸ್ ಗಿಡ ಹೂ ಬಿಟ್ಟಿದೆ, ಥ್ರಿಪ್ಸ್ ಅನ್ನೋ ಸಣ್ಣ ರಸ ಹೀರುವ ಹುಳಗಳೂ ಇವೆ. ಆದರೆ ಆ ಗಿಡ ಹಸಿರಾಗೇ ಇದೆಯಲ್ಲ, ಅದರಿಂದ ರೋಗ ಬರುತ್ತದಾ?

ಕೆಂಪುನೆಲ:
ಬರುತ್ತದೆ ಅಣ್ಣ. ನೀವು ಹೇಳಿದ್ದೆಲ್ಲ ನೆಕ್ರೋಸಿಸ್ ನಂಜು ರೋಗದ ಲಕ್ಷಣ, ಶಿಲೀಂಧ್ರದ ಔಷಧಿಗೆ ಸುಮ್ನೆ ದುಡ್ಡು ಹಾಕಬೇಡಿ. ನಮ್ಮ ರಾಜ್ಯದಲ್ಲಿ ಇದು 1997ರಲ್ಲಿ ಬಾಗೇಪಲ್ಲಿ ಕಡೆ ಕಾಣಿಸಿಕೊಂಡಿತು. ಟೊಬ್ಯಾಕೋ ಸ್ಟ್ರೀಕ್ ಅನ್ನೋ ವೈರಸ್. ಕಾಂಗ್ರೆಸ್ ಗಿಡದೊಳಗೆ ಅದು ಯಾವ ಗುರುತೂ ತೋರಿಸದೆ ಇರುತ್ತದೆ, ಪರಾಗದಲ್ಲೂ ಇರುತ್ತದೆ. ಥ್ರಿಪ್ಸ್ ಆ ಹೂವಿನಲ್ಲಿ ಓಡಾಡಿ, ಮೈಗೆ ಪರಾಗ ಮೆತ್ತಿಕೊಂಡು ನಿಮ್ಮ ಪೈರಿಗೆ ಬಂದು ಎಲೆ ಕೆರೆದು ರಸ ಹೀರುತ್ತವೆ, ಆ ಗಾಯದಲ್ಲೇ ವೈರಸ್ ಒಳಗೆ ಹೋಗುತ್ತದೆ. ಗಾಳಿಗೆ ಬಂದ ಪರಾಗ ಎಲೆ ಮೇಲೆ ಬಿದ್ದಿದ್ದರೂ ಅಷ್ಟೇ, ಥ್ರಿಪ್ಸ್ ಬಾಯಿ ಹಾಕಿದರೆ ಸಾಕು. ಅದಕ್ಕೇ ಅಂಚಿನ ಸಾಲಿಗೆ ಮೊದಲು ಬಂದಿರೋದು.

ಎರೆಭೂಮಿ:
ಶೇಂಗಾ ಇರುವವರೂ ಇದನ್ನು ಓದಿ. 2000ದಲ್ಲಿ ಅನಂತಪುರದಲ್ಲಿ ಶೇಂಗಾ ಹಾಳು ಮಾಡಿದ್ದು ಇದೇ ವೈರಸ್. ಶೇಂಗಾಕ್ಕೆ ಬರುವ ಬಡ್ ನೆಕ್ರೋಸಿಸ್ ಅನ್ನೋ ನಂಜು ರೋಗ ಬೇರೆ, ಗೊಂದಲ ಬೇಡ. ಅದನ್ನೂ ಥ್ರಿಪ್ಸ್ ಹರಡುತ್ತವೆ, ಆದರೆ ಮರಿಯಾಗಿದ್ದಾಗ ರೋಗದ ಗಿಡ ತಿಂದ ಥ್ರಿಪ್ಸ್ ಮಾತ್ರ, ವೈರಸ್ ಅದರ ಹೊಟ್ಟೆಯಲ್ಲೇ ಬೆಳೆಯುತ್ತದೆ. ಇಲ್ಲಿ ಹುಳ ಬರೀ ಪರಾಗ ಹೊತ್ತು ತಂದು ಗಾಯ ಮಾಡುತ್ತದೆ. ಹೀಗಾಗಿ ಥ್ರಿಪ್ಸ್‌ಗೆ ಎಷ್ಟು ಹೊಡೆದರೂ, ಬದುವಿನಲ್ಲಿ ಹೂ ಇರೋವರೆಗೆ ಹೊಸ ಹುಳ, ಹೊಸ ಪರಾಗ ಬರ್ತಾನೇ ಇರುತ್ತದೆ ಅಲ್ವಾ?

ಮಳೆಹೊಲ:
ಹಾಗಾದರೆ ಈಗ ಏನು ಮಾಡಲಿ? ರೋಗ ಬಿದ್ದ ಗಿಡ ಉಳಿಯುತ್ತಾ?

ಕೆಂಪುನೆಲ:
ರೋಗ ಬಿದ್ದ ಗಿಡಕ್ಕೆ ಔಷಧಿ ಇಲ್ಲ. ಬದುವಿನ ಕಾಂಗ್ರೆಸ್ ಗಿಡ ಈಗಲೇ ಕೀಳಿಸಿ, ರಸ್ತೆ ಪಕ್ಕದ್ದನ್ನೂ ಬಿಡಬೇಡಿ, ಕೈಗೆ ಗ್ಲೌಸ್, ಮುಖಕ್ಕೆ ಬಟ್ಟೆ ಇರಲಿ, ಅದು ಮೈಗೆ ಆಗಲ್ಲ. ಮುಂದಿನ ಸಲ ಅದು ಹೂ ಬಿಡೋ ಮೊದಲೇ ತೆಗೆಸಿ. ಬೀಜಕ್ಕೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕದ ಉಪಚಾರ ಮಾಡಿ, ಬಿತ್ತುವ ಎರಡು ವಾರ ಮುಂಚೆ ಸುತ್ತ ಮೂರು ನಾಲ್ಕು ಸಾಲು ಜೋಳ ಹಾಕಿ. ಗಾಳಿಯಲ್ಲಿ ಬರೋ ಥ್ರಿಪ್ಸ್, ಪರಾಗ ಎರಡನ್ನೂ ಜೋಳ ತಡೆಯುತ್ತದೆ.