ವಿ-ಕ್ರಾಸ್‌ಗೆ ದೊಡ್ಡ ಟೈರ್ ಹಾಕೋಕೆ ಎರಡು ಇಂಚು ಎತ್ತಿಸ್ಬೇಕು ಅಂತಿದೀನಿ, ಸರಿ ಹೋಗುತ್ತಾ?

ಹಾನ್‌ಬಾಳ್ ತೋಟದವ:

ನಂದು 2017ರ ಇಸುಝು ವಿ-ಕ್ರಾಸ್ ಪಿಕಪ್. ಟೈರ್ ಕಂಪನಿ ಕೊಟ್ಟ ಅಳತೆಯದ್ದೇ, 245/70 ಆರ್16. ಈಗ ಪೂರ್ತಿ ಬೋಳಾಗಿವೆ, ಹೇಗೂ ಬದಲಾಯಿಸ್ಬೇಕು.

ನಮ್ಮ ತೋಟದ ರಸ್ತೇಲಿ ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಚಕ್ರದ ಜಾಡು ಆಳಕ್ಕೆ ಇಳಿದಿದೆ, ನಡುವೆ ದಿಬ್ಬ ನಿಂತಿದೆ. ಮಳೇಲಿ ಹಿಂದಿನ ಹೌಸಿಂಗ್ (ಹಿಂದಿನ ಎರಡು ಚಕ್ರದ ನಡುವೆ ಆಕ್ಸಲ್ ಇರೋ ಕಬ್ಬಿಣದ ಕವಚ) ಆ ದಿಬ್ಬದ ಮೇಲೆ ಕೂತುಬಿಟ್ರೆ ಫೋರ್ ವೀಲ್ ಹಾಕಿದ್ರೂ ನಾಲ್ಕು ಚಕ್ರ ಸುಮ್ನೆ ಸುತ್ತುತ್ತೆ ಅಷ್ಟೆ. ಹೋದ ಜುಲೈನಲ್ಲಿ ಎರಡು ಸಲ ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದಾಯ್ತು. ಎರಡನೇ ಸಲ ಅಪ್ಪಯ್ಯ ಜಗಲಿ ಮೇಲೆ ನಿಂತು ನೋಡ್ತಿದ್ರು, ಏನೂ ಹೇಳ್ಲಿಲ್ಲ. ಅದೇ ಜಾಸ್ತಿ ಆಯ್ತು.

ಪೇಟೆಲಿ ಒಬ್ರು ಮುಂದೆ ಶಾಕ್ ಮೇಲೆ ಸ್ಪೇಸರ್ ಬಿಲ್ಲೆ, ಹಿಂದೆ ಪ್ಲೇಟ್ ಸ್ಪ್ರಿಂಗಿಗೂ ಹೌಸಿಂಗಿಗೂ ನಡುವೆ ಬ್ಲಾಕ್ ಹಾಕಿ ಎರಡು ಇಂಚು ಎತ್ತಿ 265/75 ಆರ್16 ಕೂರಿಸಿ ಕೊಡ್ತೀನಿ, ಒಂದೇ ದಿನದ ಕೆಲಸ ಅಂದ್ರು. ವಾರಕ್ಕೊಂದು ಸಲ ಶಿರಾಡಿ ಇಳಿದು ಮಂಗಳೂರಿಗೆ ಹೋಗೋದಿದೆ, ಕೆಲವು ಸಲ ಹಿಂದೆ ಲೋಡೂ ಇರುತ್ತೆ. ಮಾಡಿಸ್ಲಾ?

ಥಾರ್ ಪ್ರೇಮಿ:

ಮಾಡ್ಸಿ ಗುರು, ಯೋಚ್ನೆನೇ ಬೇಡ. ಎತ್ತಿದ ಗಾಡಿ ಗತ್ತೇ ಬೇರೆ. ಫೋಟೋ ಹಾಕಿ.

ಹಳೇ ಸ್ಪ್ಯಾನರ್:

ಗತ್ತು ಆಮೇಲೆ ನೋಡೋಣ ಮಾರಾಯ್ರೆ. ತೋಟದವರೇ, ನೀವು ಬರೆದದ್ದನ್ನ ನೀವೇ ಇನ್ನೊಂದು ಸಲ ಓದಿ. ಕೂರೋದು ಯಾವುದು? ಹಿಂದಿನ ಹೌಸಿಂಗ್. ಸಸ್ಪೆನ್ಷನ್ ಎತ್ತಿದ್ರೆ ಏಳೋದು ಚಾಸಿ, ಬಾಡಿ. ಹೌಸಿಂಗ್ ಚಕ್ರದ ಜೊತೆ ನೆಲದ ಮೇಲೇ ಇರೋದು, ಅದು ಒಂದು ಕೂದಲೆಳೆಯೂ ಮೇಲೆ ಬರಲ್ಲ. ಅದನ್ನ ಎತ್ತೋದು ಟೈರ್ ಮಾತ್ರ, ಅದೂ ಹೆಚ್ಚಾದ ಎತ್ತರದಲ್ಲಿ ಅರ್ಧ.

ಲೆಕ್ಕ ಹಾಕಿ. ಟೈರ್ ನಂಬರಲ್ಲಿ ಮೊದಲನೇದು ಅಗಲ ಮಿ.ಮೀ.ನಲ್ಲಿ, ಎರಡನೇದು ಪಕ್ಕದ ಗೋಡೆ ಎತ್ತರ ಆ ಅಗಲದ ಶೇಕಡಾ ಎಷ್ಟು ಅಂತ, ಕೊನೇದು ರಿಮ್ ಇಂಚಲ್ಲಿ. ನಿಮ್ಮ ಈಗಿನ ಟೈರ್ ಎತ್ತರ ಸುಮಾರು 749 ಮಿ.ಮೀ. 265/75 ಅಂದ್ರೆ 804. ವ್ಯತ್ಯಾಸ 55, ಹೌಸಿಂಗ್‌ಗೆ ಸಿಗೋದು 27. ಒಂದಿಂಚು ಚಿಲ್ಲರೆ. 265/70 ಹಾಕಿದ್ರೆ 777, ಸಿಗೋದು 14. ಈ 265/70ಗೆ ಸಾಮಾನ್ಯವಾಗಿ ಗಾಡಿ ಎತ್ತೋದೇ ಬೇಕಾಗಲ್ಲ.

ಇಪ್ಪತ್ತೆರಡು ವರ್ಷ ಮೂಡಿಗೆರೆಲಿ ಗ್ಯಾರೇಜ್ ನಡೆಸಿದೀನಿ. ಈ ಕೆಲಸ ನಾನೂ ಮಾಡಿಕೊಟ್ಟಿದೀನಿ, ಕೆಟ್ಟು ಬಂದದ್ದನ್ನ ಬಿಚ್ಚಿದ್ದೇ ಜಾಸ್ತಿ. ಮುಂದಿನಿಂದ ಶುರು ಮಾಡ್ತೀನಿ. ನಿಮ್ಮ ಗಾಡಿಗೆ ಮುಂದೆ ಡಬಲ್ ವಿಶ್‌ಬೋನ್, ಅಂದ್ರೆ ಚಕ್ರ ಹಿಡಿಯೋಕೆ ಮೇಲೊಂದು ಕೆಳಗೊಂದು ಆರ್ಮ್, ಜೊತೆಗೆ ಕಾಯಿಲ್ ಸ್ಪ್ರಿಂಗ್. ಶಾಕ್ ತಲೆ ಮೇಲೆ ಒಂದಿಂಚು ಸ್ಪೇಸರ್ ಇಟ್ರೆ ಚಕ್ರದ ಹತ್ರ ಹೆಚ್ಚುಕಮ್ಮಿ ಎರಡಿಂಚು ಏಳುತ್ತೆ, ಯಾಕಂದ್ರೆ ಶಾಕ್ ಕೂತಿರೋದು ಆರ್ಮ್‌ನ ನಡುವೆ. ಇದು ಗೊತ್ತಿಲ್ದೆ ಎರಡಿಂಚಿನ ಸ್ಪೇಸರನ್ನೇ ತುರುಕಿದವರ ಗಾಡಿ ನೋಡಿದೀನಿ. ಆಕ್ಸಲ್ ಸೊಟ್ಟಗೆ ಇಳಿದು ಸಿವಿ ಜಾಯಿಂಟ್ ಬೂಟ್ (ಆಕ್ಸಲ್ ಬಾಗೋ ಗಂಟಿನ ಗ್ರೀಸ್ ಹಿಡಿದಿಡೋ ರಬ್ಬರ್ ಚೀಲ) ಹರಿದು, ರಿಮ್ ಒಳಗೆಲ್ಲ ಗ್ರೀಸ್ ಎರಚಿತ್ತು. ಗಾಡಿ ಜಾಕ್ ಹಾಕಿ ಚಕ್ರ ತೂಗಾಡೋಕೆ ಬಿಟ್ಟಾಗ ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ತಾಗುತ್ತಾ, ಬ್ರೇಕ್ ಪೈಪ್ ಬಿಗಿಯಾಗುತ್ತಾ, ಇವೆರಡನ್ನ ನಿಮ್ಮ ಕಣ್ಣಾರೆ ನೋಡ್ದೆ ದುಡ್ಡು ಕೊಡ್ಬೇಡಿ.

ಹಿಂದೆ ಬ್ಲಾಕ್ ಅಂದ್ರಲ್ಲ, ಯಾವ ಬ್ಲಾಕ್ ಅಂತ ಕೇಳಿ. ಕಬ್ಬಿಣದ ಚದರ ಪೈಪ್ ಕತ್ತರಿಸಿ ಬಣ್ಣ ಬಳಿದು ಇಡೋರಿದಾರೆ. ಒಂದರ ಮೇಲೊಂದು ಪೇರಿಸಿದ್ದನ್ನೂ ಕಂಡಿದೀನಿ, ದೇವರೇ ಕಾಪಾಡ್ಬೇಕು. ಒಳ್ಳೆ ಬ್ಲಾಕ್ ಆದ್ರೂ ಲೋಡ್ ಇಟ್ಕೊಂಡು ಏರಲ್ಲಿ ಜೋರಾಗಿ ಎಳೆದಾಗ ಹೌಸಿಂಗ್ ತಿರುಚಿಕೊಳ್ಳೋದು ಹೆಚ್ಚಾಗುತ್ತೆ. ಎತ್ತಲೇಬೇಕು ಅಂದ್ರೆ ಬ್ಲಾಕ್ ಬದಲು ಆ ಗಾಡಿಗೇ ಮಾಡಿದ ಸ್ಪ್ರಿಂಗ್ ಪ್ಲೇಟ್ ಸೆಟ್ ಹಾಕ್ಸಿ, ಅದರ ಉದ್ದಕ್ಕೆ ಸರಿಯಾದ ಶಾಕೂ ಜೊತೆಗೆ. ಪ್ಲೇಟನ್ನ ಹೌಸಿಂಗಿಗೆ ಬಿಗಿಯೋ ಯು-ಬೋಲ್ಟ್ ಹೊಸದೇ ಆಗ್ಬೇಕು. ಒಂದ್ಸಲ ಬಿಗಿದು ಎಳೆದುಕೊಂಡ ಬೋಲ್ಟ್ ಮತ್ತೆ ಹಿಡಿತ ಕೊಡಲ್ಲ. ಐನೂರು ಕಿಲೋಮೀಟರ್ ಓಡಿಸಿ ವಾಪಸ್ ಬಂದು ಟಾರ್ಕ್ ರೆಂಚಲ್ಲಿ ಇನ್ನೊಂದ್ಸಲ ಬಿಗಿಸ್ಬೇಕು. ಒಂದೇ ದಿನದ ಕೆಲಸ ಅನ್ನೋರು ಇದನ್ನ ಹೇಳಲ್ಲ.

ಕೊನೇದಾಗಿ ಶಿರಾಡಿ. 265/75 ಟೈರ್ ತೂಕ ಜಾಸ್ತಿ, ಸುತ್ತೂ ದೊಡ್ಡದು, ಬ್ರೇಕ್ ಮಾತ್ರ ಹಳೇದೇ. ಮೀಟರ್ 80 ತೋರಿಸುವಾಗ ನೀವು ಓಡ್ತಿರೋದು ಹತ್ರಹತ್ರ 86ರಲ್ಲಿ. ಗಾಡಿ ಎತ್ತರಕ್ಕೆ ಹೋಗಿ ತಿರುವಲ್ಲಿ ವಾಲುತ್ತೆ. ಹಿಂದೆ ಚಾಸಿಯಿಂದ ಹೌಸಿಂಗ್‌ಗೆ ಸಣ್ಣ ಸರಳು ಬಂದಿರೋ ಪಿಕಪ್‌ಗಳಲ್ಲಿ ಇನ್ನೊಂದು ತಾಪತ್ರಯ. ಆ ವಾಲ್ವ್ ಲೋಡ್ ನೋಡಿ ಹಿಂದಿನ ಬ್ರೇಕ್‌ಗೆ ಒತ್ತಡ ಬಿಡುತ್ತೆ. ಗಾಡಿ ಎತ್ತಿದ್ರೆ ಅದಕ್ಕೆ ಗಾಡಿ ಖಾಲಿ ಅನ್ನಿಸುತ್ತೆ, ಲೋಡ್ ಇದ್ರೂ ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತೆ. ನಿಮ್ಮದರಲ್ಲಿ ಆ ಸರಳು ಇದ್ಯಾ ಅಂತ ಮಲಗಿ ನೋಡಿ, ಇದ್ರೆ ಅದನ್ನೂ ಹೊಸ ಎತ್ತರಕ್ಕೆ ಹೊಂದಿಸ್ಬೇಕು.

ಘಟ್ಟದ ಕೆಳಗಿನವ:

ಸ್ಪ್ಯಾನರ್ ಸಾರ್ ಬಿಟ್ಟದ್ದು ಒಂದು, ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ಅಂತ ಬಂತು. ನನ್ನ ಭಾವನ ಪಿಕಪ್ ಮಗುಚಿದಾಗ ಇನ್ಶೂರೆನ್ಸ್ ಸರ್ವೇಯರ್ ಮೊದಲು ಬಗ್ಗಿ ನೋಡಿದ್ದೇ ಬ್ಲಾಕ್. ಕ್ಲೈಮ್ ಏಳು ತಿಂಗಳು ಎಳೆದಾಡಿ ಅರ್ಧವೂ ಬರ್ಲಿಲ್ಲ.

ಹಾನ್‌ಬಾಳ್ ತೋಟದವ:

ಸ್ಪ್ಯಾನರ್ ಅಣ್ಣ, ನಿನ್ನೆ ಟೇಪ್ ತಗೊಂಡು ಹೋಗಿ ಅಳೆದೆ. ಜಾಡಿನಿಂದ ದಿಬ್ಬದ ತುದಿಗೆ ಒಂಬತ್ತು ಇಂಚು, ತಿರುವಿನ ಹತ್ರ ಹತ್ತೂವರೆ. 27 ಮಿಲಿಮೀಟರ್‌ಗೆ ಇಷ್ಟೆಲ್ಲ ಮಾಡಿಸ್ಬೇಕಾ ಅಂತ ನಗು ಬಂತು. ಕೊಯ್ಲು ಮುಗಿದ ಮೇಲೆ ಜೆಸಿಬಿ ಕರೆಸಿ ದಿಬ್ಬ ಕೆರೆಸಿ ಜಾಡಿಗೆ ಜಲ್ಲಿ ತುಂಬಿಸ್ತೀನಿ. ಟೈರ್ 265/70 ಆಲ್ ಟೆರೇನ್. ಲಿಫ್ಟ್ ಬೇಡ.

ಹಳೇ ಸ್ಪ್ಯಾನರ್:

ಒಳ್ಳೇದು. ಟೈರಿನ ಲೋಡ್ ಇಂಡೆಕ್ಸ್, ಅಂದ್ರೆ ಎಷ್ಟು ಭಾರ ಹೊರುತ್ತೆ ಅನ್ನೋ ನಂಬರ್, ಹಳೇದಕ್ಕಿಂತ ಕಡಿಮೆ ಇರಬಾರದು. ಈಗಿರೋ ರಿಮ್ಮಿಗೇ ಹಾಕಿ, ಹೊರಗೆ ಚಾಚೋ ರಿಮ್ ತಗೊಂಡ್ರೆ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜುತ್ತೆ. ಹಾಕಿದ ಮೇಲೆ ಒಂದು ಮುಂದಿನ ಚಕ್ರ ಕಲ್ಲಿನ ಮೇಲೆ ಹತ್ತಿಸಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ.

ಐದು ಟೈರ್ ತಗೊಳ್ಳಿ, ನಾಲ್ಕಲ್ಲ. ಪಂಕ್ಚರ್ ಆದಾಗ ಹಳೇ ಸಣ್ಣ ಸ್ಟೆಪ್ನಿ ಹಾಕಿ ಫೋರ್ ವೀಲಲ್ಲಿ ಓಡಿಸಿದ್ರೆ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತೆ. ಹೊಸ ಸ್ಟೆಪ್ನಿ ಕೆಳಗಿನ ಜಾಗಕ್ಕೆ ಹಿಡಿಯುತ್ತಾ ಅಂತ ಅಂಗಡಿಲೇ ಏರಿಸಿ ನೋಡಿ, ಮನೆಗೆ ಬಂದು ಅಲ್ಲ.

ಜೆಸಿಬಿಯವನಿಗೆ ಚರಂಡಿನೂ ಹೊಡೆಯೋಕೆ ಹೇಳಿ. ನೀರು ಜಾಡಲ್ಲೇ ಹರಿದ್ರೆ ಎರಡೇ ಮಳೆಗಾಲಕ್ಕೆ ಮತ್ತೆ ಅದೇ ದಿಬ್ಬ.